ಸಿಡುಬಿನ ಭೀತಿಗೆ ಎದೆಗುಂದದ ರಾಜಮಾತೆ ಲಕ್ಷ್ಮಮ್ಮಣ್ಣಿ

ಕೈತಪ್ಪಿದ್ದ ಸಿಂಹಾಸನವನ್ನು ಒಡೆಯರ ವಂಶಕ್ಕೆ ಮರಳಿ ತಂದುಕೊಟ್ಟ ಛಲಗಾತಿಯೆಂದೇ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮೈಸೂರಿನ ಇತಿಹಾಸದಲ್ಲಿ ಪ್ರಸಿದ್ಧರು. ಆದರೆ ಅವರ ವಂಶವನ್ನು ಕಾಡಿದ ಶತ್ರುಗಳಲ್ಲಿ ರೋಗವೂ ಒಂದಾಗಿತ್ತು. ಆ ಶತ್ರುವಿನ ಹೆಸರು ಸಿಡುಬು.

ಕತ್ತಿ ಗೋಪಾಲರಾಜ ಅರಸರ ಪುತ್ರಿಯಾದ ಲಕ್ಷ್ಮಮ್ಮಣ್ಣಿ, ಇಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದು ಅರಮನೆ ಸೇರಿದರು. 1761ರಲ್ಲಿ ರಾಜ್ಯದ ಅಧಿಕಾರ ಹೈದರಾಲಿಯ ವಶವಾಯಿತು. 1766ರಲ್ಲಿ ಪತಿ ತೀರಿಕೊಂಡರು. ಮುಂದಿನ ಮೂರು ದಶಕಗಳ ಕಾಲ ಅರಮನೆಯೊಳಗಿದ್ದುಕೊಂಡೇ ಅವರು ಪ್ರಧಾನ ತಿರುಮಲರಾಯರ ಮೂಲಕ ಬ್ರಿಟಿಷರೊಡನೆ ಸಂಧಾನ ನಡೆಸಿದರು. 1782ರ ಒಪ್ಪಂದವೂ ಕೂಡಲೇ ಫಲ ನೀಡಲಿಲ್ಲ.

1796ರಲ್ಲಿ ದೊರೆ ಖಾಸಾ ಚಾಮರಾಜ ಒಡೆಯರು ಸಿಡುಬಿಗೆ ಬಲಿಯಾದರು. ಉಳಿದವನು ಎರಡು ವರ್ಷದ ಮಗು. ಅದೇ ವರ್ಷ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಸುವಿನ ಸಿಡುಬಿನ ಕೀವನ್ನು ಬಾಲಕನೊಬ್ಬನ ತೋಳಿಗೆ ಹಾಕಿ, ಅದು ಮನುಷ್ಯರ ಸಿಡುಬನ್ನು ತಡೆಯಬಲ್ಲದೆಂದು ತೋರಿಸಿದ್ದು ಕಾಲದ ವಿಚಿತ್ರ ಕಾಕತಾಳೀಯ.

1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು. ಆಡಳಿತದ ಹೊಣೆ ದಿವಾನ್ ಪೂರ್ಣಯ್ಯನವರದು. ಬಾಲದೊರೆಯ ಪಾಲನೆಯ ಹೊಣೆ ಅಜ್ಜಿ ಲಕ್ಷ್ಮಮ್ಮಣ್ಣಿಯವರದು. ವಂಶದ ಭವಿಷ್ಯವೆಲ್ಲ ಒಂದು ಎಳೆಯ ಜೀವದ ಮೇಲೆ ನಿಂತಿತ್ತು.

1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಬಾಲಕಿಗೆ ಭಾರತದ ಮೊದಲ ಸಿಡುಬಿನ ಲಸಿಕೆ ಹಾಕಲಾಯಿತು. ಶೀತಲಪೆಟ್ಟಿಗೆಗಳಿಲ್ಲದ ಕಾಲವದು. ಬಿಸಿಲಿಗೆ ಲಸಿಕೆ ಕೆಡುತ್ತಿದ್ದುದರಿಂದ, ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ಹಾಕುತ್ತಾ ಊರಿಂದೂರಿಗೆ ಸಾಗಿಸುತ್ತಿದ್ದರು. ಸಿಡುಬನ್ನು ಅಮ್ಮನ ಆಗಮನವೆಂದು ಪೂಜಿಸುತ್ತಿದ್ದ ಜನ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅನ್ಯರ ಮೈಯ ರಸವನ್ನು ತಮ್ಮ ಮೈಗೆ ಸೇರಿಸಿಕೊಳ್ಳುವುದು ಮಡಿವಂತಿಕೆಗೆ ವಿರುದ್ಧವಾಗಿತ್ತು. ಪರದೇಶಿಯರ ಮೇಲಿನ ಸಂಶಯವೂ ಇತ್ತು.

ಇಂಥ ಹೊತ್ತಿನಲ್ಲಿ ಅರಮನೆಯೇ ಮುಂದೆ ಬಂದಿತು. ಬಾಲದೊರೆಯ ಕೈಹಿಡಿದ ಎಳೆಯ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡರು. ಅವರನ್ನು ಕಂಡು ಸಾಮಾನ್ಯರೂ ಲಸಿಕೆಗೆ ಮುಂದಾದರೆಂದು 1806ರ ದಾಖಲೆ ತಿಳಿಸುತ್ತದೆ. ಐರಿಷ್ ಕಲಾವಿದ ಥಾಮಸ್ ಹಿಕಿ 1805ರ ಸುಮಾರಿಗೆ ರಚಿಸಿದ ಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಪ್ರಕಾರ ನಡುವೆ ಇರುವವರು ಲಕ್ಷ್ಮಮ್ಮಣ್ಣಿ. ಬಲಗಡೆಯ ಕಿರಿಯ ರಾಣಿ ಸೆರಗು ಸರಿಸಿ ಲಸಿಕೆ ಹಾಕಿದ ತೋಳನ್ನು ತೋರುತ್ತಿದ್ದಾರೆ. ಈ ಗುರುತಿಸುವಿಕೆ ಸರಿಯಾದರೆ, ಅಂತಃಪುರದ ಸ್ತ್ರೀಯರು ಪರಪುರುಷನ ಮುಂದೆ ಕುಳಿತು ಚಿತ್ರ ಬರೆಸಿಕೊಳ್ಳಲು ರಾಜಮಾತೆಯ ಸಮ್ಮತಿ ಇಲ್ಲದೆ ಸಾಧ್ಯವಿರಲಿಲ್ಲ. ಸಿಡುಬಿನ ಹೊಡೆತವನ್ನು ಮನೆಯೊಳಗೇ ಕಂಡಿದ್ದ ಹಿರಿಯ ಜೀವದ ವಿವೇಕ ಅದರಲ್ಲಿ ಕಾಣುತ್ತದೆ.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ಕಣ್ಮುಚ್ಚಿದರು. ಅವರು ಕಾಪಾಡಿದ ಮೊಮ್ಮಗ 1868ರವರೆಗೆ ಬದುಕಿದರು. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು.

ಆದರೂ ಸಾಂಕ್ರಾಮಿಕಗಳ ಕಾಲ ಮುಗಿದಿಲ್ಲ. 2020ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಹರಡಿದಾಗ, ಮೈಸೂರು, ತಾಂಡವಪುರ, ನಂಜನಗೂಡು ಎಂದು ದಿನವೂ ಓಡಾಡುತ್ತಿದ್ದ ಜನರೆಲ್ಲ ತಲ್ಲಣಿಸಿದರು. 2021ರ ಜನವರಿಯಲ್ಲಿ ಲಸಿಕೆ ಬಂದಾಗ ಹಳೆಯ ಸಂಶಯಗಳೇ ಹೊಸ ಮಾತುಗಳಲ್ಲಿ ಕೇಳಿಬಂದವು. ಫ್ಲೂ ಜ್ವರದ ವೈರಾಣುವಂತೂ ವರ್ಷ ವರ್ಷ ರೂಪ ಬದಲಿಸುತ್ತದೆ. ಆದ್ದರಿಂದ ಅದರ ಲಸಿಕೆಯನ್ನೂ ವರ್ಷಕ್ಕೊಮ್ಮೆ ಪಡೆಯಬೇಕಾಗುತ್ತದೆ. ವೃದ್ಧರು, ಗರ್ಭಿಣಿಯರು, ಎಳೆಯ ಮಕ್ಕಳು ಇರುವ ಮನೆಗಳಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಮನೆಯ ಹಿರಿಯರು ಮೊದಲು ಮನಸ್ಸು ಮಾಡಿದರೆ ಉಳಿದವರು ಹಿಂಬಾಲಿಸುತ್ತಾರೆ ಎಂಬುದು ಇನ್ನೂರು ವರ್ಷಗಳ ಹಿಂದೆ ಮೈಸೂರಿನ ಅರಮನೆ ಕಲಿಸಿದ ಪಾಠ.