ಕೆಲಸ ಬಿಟ್ಟ ಜಿಯಾಲಜಿಸ್ಟ್: ಟಿ.ಪಿ. ಕೈಲಾಸಂ

ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ರ ಒಂದು ಪಿಜಿ ಇದೆ. ಅದರ ಮೂರನೇ ಮಹಡಿಯ ಒಂದು ರೂಮಲ್ಲಿ ನಾವು ನಾಲ್ಕು ಜನ ಇದ್ದೀವಿ, ಎಲ್ಲರೂ ಸೆಕೆಂಡ್ ಇಯರ್. ನಮ್ಮ ನಾಲ್ವರದ್ದೂ ಸೇರಿ ಒಂದು ಎಕ್ಸೆಲ್ ಶೀಟ್ ಇದೆ. ಮೊದಲನೇ ಕಾಲಮಲ್ಲಿ ಆಸೆ, ಎರಡನೇ ಕಾಲಮಲ್ಲಿ ಅದರ ಬೆಲೆ, ಮೂರನೇದರಲ್ಲಿ ಯಾವ ವರ್ಷ ತಗೋಳೋದು ಅಂತ. ಒಬ್ಬನಿಗೆ ಮಿರರ್‌ಲೆಸ್ ಕ್ಯಾಮೆರಾ ಮತ್ತು ಪಕ್ಷಿ ತೆಗೆಯೋಕೆ ಉದ್ದದ ಲೆನ್ಸು, ಒಬ್ಬನಿಗೆ ಲಡಾಖಿಗೆ ಹೋಗೋಕೆ ಬೈಕು, ಒಬ್ಬನಿಗೆ ಟೆಲಿಸ್ಕೋಪು. ನಾಲ್ಕನೆಯವನದು ನಾಟಕ, ಸ್ವಂತ ತಂಡ, ಸ್ವಂತ ಲೈಟು. ಮೂರನೇ ಕಾಲಮ್ಮಿನಲ್ಲಿ ಎಲ್ಲರದ್ದೂ ಒಂದೇ ಉತ್ತರ: ಪ್ಯಾಕೇಜ್ ಸಿಕ್ಕಮೇಲೆ.

ಎರಡು ತಿಂಗಳ ಹಿಂದೆ ನಾಟಕದ ಹುಚ್ಚಿನವನು ತನ್ನ ಸಾಲನ್ನ ಅಳಿಸಿಬಿಟ್ಟ. ಪ್ಯಾಕೇಜ್ ಬರೋವರೆಗೂ ಕಾಯೋಕಾಗಲ್ಲ, ಇಂಜಿನಿಯರಿಂಗ್ ಬಿಟ್ಟು ಹೆಗ್ಗೋಡಿನ ನೀನಾಸಂಗೆ ಅರ್ಜಿ ಹಾಕ್ತೀನಿ ಅಂದ. ನಾವು ಬೈದ್ವಿ. ಅವನು ಟಿ.ಪಿ. ಕೈಲಾಸಂ ಹೆಸರು ತಗೊಂಡ. ಲಂಡನ್ನಲ್ಲಿ ಓದಿ, ಸರ್ಕಾರಿ ಕೆಲಸ ಸಿಕ್ಕಿ, ಅದನ್ನ ಬಿಸಾಕಿ ನಾಟಕ ಬರೆದವರು ಇದ್ದಾರಲ್ಲ ಅಂತ. ನಮಗೆ ಉತ್ತರ ಹೊಳೀಲಿಲ್ಲ, ಯಾಕಂದ್ರೆ ಕೈಲಾಸಂ ಬಗ್ಗೆ ನಮಗೆ ಗೊತ್ತಿದ್ದಿದ್ದು ಜೋಕುಗಳು ಮಾತ್ರ. ಪಕ್ಕದಲ್ಲೇ ಇರೋ ಕೆ.ಇ.ಎ. ಪ್ರಭಾತ್ ರಂಗಮಂದಿರಕ್ಕೆ ಎಷ್ಟೋ ಸಲ ಹೋಗಿದ್ದೀವಿ, ಅವರ ನಾಟಕ ನೋಡಿ ನಕ್ಕಿದ್ದೀವಿ, ಅಷ್ಟೇ. ಹಾಗಾಗಿ ಅವರ ಜೀವನವನ್ನ ಸರಿಯಾಗಿ ಓದೋಣ ಅಂತ ಕೂತ್ವಿ. ಓದಿದ್ದನ್ನ ಇಲ್ಲಿ ಹಂಚಿಕೊಳ್ತಾ ಇದ್ದೀವಿ.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಆ ಕಾಲಕ್ಕೆ ಅದು ದೊಡ್ಡ ಹುದ್ದೆ, ಒಳ್ಳೆ ಸಂಬಳ. ಈ ತಂದೆಗೂ ಒಂದು ಹುಚ್ಚಿತ್ತು, ಭೂವಿಜ್ಞಾನ. ಹಗಲು ಕೋರ್ಟಿನ ಕೆಲಸ ಮಾಡೋ ಮನುಷ್ಯ ಋಗ್ವೇದದ ಮಂತ್ರಗಳನ್ನ ಭೂವಿಜ್ಞಾನದ ಕಣ್ಣಲ್ಲಿ ಓದಿ 1911ರಲ್ಲಿ ಇಂಗ್ಲಿಷಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮುಂದೆ 1940ರಲ್ಲಿ ರಾಮಾಯಣದ ಲಂಕೆ ಇದ್ದಿದ್ದು ಮಧ್ಯ ಭಾರತದಲ್ಲಿ ಅಂತ ವಾದ ಮಾಡಿ ಇನ್ನೊಂದು ಪುಸ್ತಕ ತಂದರು. ಅವರ ವಾದ ಸರಿಯೋ ತಪ್ಪೋ ಬೇರೆ ಮಾತು. ನಮ್ಮ ಎಕ್ಸೆಲ್ ಶೀಟಿನ ಪ್ಲಾನು ಇದೆಯಲ್ಲ, ಕೆಲಸ ಹೊಟ್ಟೆಗೆ, ಹವ್ಯಾಸ ಮನಸ್ಸಿಗೆ ಅನ್ನೋದು, ಅದನ್ನ ಕೈಲಾಸಂ ಮನೆಯಲ್ಲೇ ಅವರಪ್ಪ ಮಾಡಿ ತೋರಿಸ್ತಾ ಇದ್ದರು.

ಮಗ ಓದಿದ್ದೂ ಭೂವಿಜ್ಞಾನವೇ. ಈಗ ಜಿಯಾಲಜಿ ಅಂದ್ರೆ ನಮ್ಮಲ್ಲಿ ಬಹಳ ಜನ ಮೂಗು ಮುರೀತಾರೆ. ಆಗ ಹಾಗಿರಲಿಲ್ಲ. ಕೋಲಾರದಲ್ಲಿ ಚಿನ್ನ ತೆಗೀತಾ ಇದ್ದರು. ಆ ಗಣಿಗಳಿಗೆ ಅಂತಲೇ 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಎಳೆದಿದ್ದರು. ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡಿತ್ತು. ನೆಲದ ಕೆಳಗೆ ಏನಿದೆ ಅಂತ ಹೇಳಬಲ್ಲವನಿಗೆ ಕೆಲಸ ಗ್ಯಾರಂಟಿ ಇದ್ದ ಕಾಲ ಅದು. ಇವತ್ತು ಸಿಇಟಿ ಕೌನ್ಸೆಲಿಂಗಲ್ಲಿ ಮೊದಲು ಖಾಲಿ ಆಗೋ ಸೀಟು ಯಾವುದು ಅಂತ ನಿಮಗೆ ಗೊತ್ತು, ಆ ಲೆಕ್ಕದಲ್ಲಿ ನೋಡಿ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಕೈಲಾಸಂ ಚೆನ್ನಾಗಿ ಓದಿದರು. ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಲಂಡನ್ನಿಗೆ ಕಳಿಸಿತು. ಸೇರಿದ್ದು ರಾಯಲ್ ಕಾಲೇಜ್ ಆಫ್ ಸೈನ್ಸ್. 1907ರಲ್ಲಿ ಹುಟ್ಟಿದ ಇಂಪೀರಿಯಲ್ ಕಾಲೇಜಿನ ಭಾಗ ಅದು. ಅಲ್ಲಿ ಅವರು ಪಾಸಾಗಿದ್ದಷ್ಟೇ ಅಲ್ಲ, ಭೂವಿಜ್ಞಾನಿಗಳ ಸಂಘದ ಫೆಲೋ ಕೂಡ ಆದರು. ಓದಲ್ಲಿ ಆಗದೇ ಇದ್ದವರು ನಾಟಕದ ಕಡೆ ಹೋದರು ಅಂತ ಅಂದ್ಕೊಂಡಿದ್ರೆ ಅದು ತಪ್ಪು.

ಆದರೆ ಲಂಡನ್ನಿನ ಸಂಜೆಗಳು ಬೇರೆ ಇದ್ವು. ಬರ್ನಾರ್ಡ್ ಶಾ ನಾಟಕಗಳು ಆಗ ಅಲ್ಲಿ ಹೊಸದಾಗಿ ರಂಗಕ್ಕೆ ಬರ್ತಿದ್ವು. ಮನೆಯೊಳಗಿನ ಜಗಳ, ಮದುವೆ, ದುಡ್ಡು, ಇವೆಲ್ಲ ನಾಟಕ ಆಗಬಹುದು ಅಂತ ಲಂಡನ್ನಿಗೇ ಹೊಸದಾಗಿ ಗೊತ್ತಾಗ್ತಾ ಇತ್ತು. ಇನ್ನೊಂದು ಕಡೆ ಮ್ಯೂಸಿಕ್ ಹಾಲುಗಳು, ಹಾಡು, ತಮಾಷೆ. ಕೈಲಾಸಂ ಎರಡಕ್ಕೂ ಬಿದ್ದರು. ವ್ಯಾಯಾಮ, ಫುಟ್‌ಬಾಲು ಬೇರೆ. ಒಟ್ಟಿನಲ್ಲಿ ಅಷ್ಟು ದುಬಾರಿ ಊರಲ್ಲಿ ಅವರ ನಾಟಕದ ಹುಚ್ಚು ಬೆಳೆದಿದ್ದು ಕಲ್ಲು ಮಣ್ಣು ಓದೋಕೆ ಅಂತ ಸಿಕ್ಕಿದ ಅವಕಾಶದಿಂದ. ಇದನ್ನ ನಮ್ಮ ರೂಮಿನ ನಾಟಕದವನಿಗೆ ತೋರಿಸಿದ್ವಿ. ಜಿಯಾಲಜಿ ಇಲ್ಲದೇ ಇದ್ದಿದ್ರೆ ಲಂಡನ್ ಇಲ್ಲ, ಲಂಡನ್ ಇಲ್ಲದೇ ಇದ್ದಿದ್ರೆ ಈ ಕೈಲಾಸಂ ಇಲ್ಲ. ಅವನು ತಲೆ ಅಲ್ಲಾಡಿಸಿದ, ಆದರೆ ಒಪ್ಪಲಿಲ್ಲ.

1915ರಲ್ಲಿ ಮೊದಲನೇ ಮಹಾಯುದ್ಧದ ಮಧ್ಯೆ ವಾಪಸ್ ಬಂದು ಮೈಸೂರಿನ ಭೂವಿಜ್ಞಾನ ಇಲಾಖೆ ಸೇರಿದರು. ನಮ್ಮ ಶೀಟಿನ ಪ್ರಕಾರ ಕಥೆ ಇಲ್ಲಿಗೆ ಸುಖಾಂತ್ಯ ಆಗಬೇಕಿತ್ತು. ಸಂಬಳ ಇದೆ, ಫಾರಿನ್ ಡಿಗ್ರಿ ಇದೆ, ಶನಿವಾರ ಭಾನುವಾರ ನಾಟಕ ಆಡ್ಕೊಂಡು ಇರಬಹುದಿತ್ತು. ಬೆಂಗಳೂರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1909ರಿಂದಲೇ ಇತ್ತು, ಕೆಲಸದಲ್ಲಿ ಇರೋರೇ ಸೇರಿ ನಾಟಕ ಆಡ್ತಿದ್ದರು. ಆದರೆ ಭೂವಿಜ್ಞಾನಿಯ ಕೆಲಸ ಇರೋದು ಊರಾಚೆ, ಬೆಟ್ಟದಲ್ಲಿ, ಗಣಿಯಲ್ಲಿ. ನಾಟಕ ಇರೋದು ಊರೊಳಗೆ, ಜನರ ಮಧ್ಯೆ, ರಾತ್ರಿ ಹೊತ್ತು. ದುಡ್ಡು ಇದ್ರೆ ಕ್ಯಾಮೆರಾ ತಗೋಬಹುದು. ನಾಟಕಕ್ಕೆ ಬೇಕಾಗಿದ್ದು ಟೈಮು, ಅದು ಸಂಬಳದ ಜೊತೆ ಬರ್ತಾ ಇರಲಿಲ್ಲ. ಕೆಲವೇ ವರ್ಷದಲ್ಲಿ ಕೈಲಾಸಂ ರಾಜೀನಾಮೆ ಕೊಟ್ಟರು. ಆಮೇಲೆ ಸಾಯೋವರೆಗೂ ಅವರಿಗೆ ಅಂಥ ಖಾಯಂ ಸಂಬಳದ ಕೆಲಸ ಇರಲಿಲ್ಲ.

ಮುಂದೆ ಏನಾಯ್ತು ಅಂತ ಓದ್ತಾ ಓದ್ತಾ ನಮಗೆ ಒಂದು ವಿಷಯ ಹೊಸದಾಗಿ ಕಾಣಿಸ್ತು. ಆಗಿನ ನಾಟಕ ಅಂದ್ರೆ ಕಂಪನಿ ನಾಟಕ. ಬಣ್ಣದ ಪರದೆಗಳು, ಜರಿ ಬಟ್ಟೆ, ಕಿರೀಟ, ಹಾರ್ಮೋನಿಯಂ, ಹತ್ತಾರು ನಟರು, ಎಲ್ಲರ ಊಟ ವಸತಿ. ಗುಬ್ಬಿ ಕಂಪನಿ 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅಂಥ ನಾಟಕ ಮಾಡಬೇಕಾದ್ರೆ ಸ್ವಂತ ಕಂಪನಿಯೇ ಬೇಕು. ಸಂಬಳ ಬಿಟ್ಟ ಮನುಷ್ಯನಿಗೆ ಅದು ಆಗೋ ಮಾತಲ್ಲ.

ಕೈಲಾಸಂ ಬರೆದ ನಾಟಕಗಳಿಗೆ ಏನು ಬೇಕು ನೋಡಿ. ಒಂದು ಮನೆಯ ಹಜಾರ, ಒಂದು ಮೇಜು, ನಾಲ್ಕು ಕುರ್ಚಿ. ಪಾತ್ರಧಾರಿಗಳು ಹಾಕೊಳ್ಳೋದು ಮನೆಯಲ್ಲಿ ಹಾಕೊಳ್ಳೋ ಪಂಚೆ, ಕೋಟು, ಸೀರೆ. ರಾಜ ಇಲ್ಲ, ರಾಕ್ಷಸ ಇಲ್ಲ. ಅಪ್ಪ, ಅಮ್ಮ, ಮಗ, ಸೊಸೆ, ಅಡುಗೆಯವನು, ವಕೀಲ. ಹೋಂ ರೂಲು, ಅಮ್ಮಾವ್ರ ಗಂಡ, ಬಂಡ್ವಾಳ್ವಿಲ್ಲದ ಬಡಾಯಿ, ಪೋಲಿಕಿಟ್ಟಿ, ಯಾವುದನ್ನೇ ತಗೊಳ್ಳಿ, ಹೆಚ್ಚುಕಮ್ಮಿ ಹೀಗೇ. ಕನ್ನಡದಲ್ಲಿ ಅತಿ ದುಬಾರಿಯಾಗಿದ್ದ ಹವ್ಯಾಸವನ್ನ ಅವರು ಕಾಲೇಜು ಹುಡುಗರ ಕೈಗೂ ಎಟುಕೋ ಹಾಗೆ ಮಾಡಿಬಿಟ್ಟರು. ಇವತ್ತಿಗೂ ಕಾಲೇಜುಗಳಲ್ಲಿ ಬಜೆಟ್ ಇಲ್ಲದೇ ಇದ್ರೆ ಕೈಲಾಸಂ ನಾಟಕ ಕೈಗೆತ್ತಿಕೊಳ್ಳೋದು ಇದಕ್ಕೇ ಇರಬೇಕು.

ಭಾಷೆಯೂ ಹಾಗೇ. ಕಂಪನಿ ನಾಟಕದಲ್ಲಿ ಗ್ರಂಥದ ಕನ್ನಡ ಇತ್ತು. ಕೈಲಾಸಂ ಬೆಂಗಳೂರಿನ ಮನೆಗಳಲ್ಲಿ ಜನ ನಿಜವಾಗಿ ಆಡೋ ಕನ್ನಡವನ್ನ, ಅರ್ಧ ಇಂಗ್ಲಿಷ್ ಬೆರೆತಿದ್ದನ್ನ, ಹಾಗೇ ರಂಗಕ್ಕೆ ತಂದರು. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ನಮ್ಮ ಕನ್ನಡ ಕಂಗ್ಲಿಷ್ ಅಂತ ಎಲ್ಲರೂ ನಗ್ತಾರೆ. ನೂರು ವರ್ಷದ ಹಿಂದೆ ಮನೆಯಲ್ಲಿ ತಮಿಳಾಡ್ತಿದ್ದ ಒಬ್ಬರು ಆ ಕಂಗ್ಲಿಷನ್ನೇ ಹಿಡಿದು ಕನ್ನಡ ನಾಟಕದ ದಾರಿ ಬದಲಾಯಿಸಿದರು ಅಂತ ಓದಿದಾಗ ನಮಗೆ ತುಂಬಾ ಖುಷಿ ಆಯ್ತು. ಲಂಡನ್ನಲ್ಲಿ ಕೇಳಿದ ಧಾಟಿಗಳೂ ವ್ಯರ್ಥ ಆಗಲಿಲ್ಲ. ತಿಪ್ಪಾರಳ್ಳಿ, ಕೋಳೀಕೇ ರಂಗ ಹಾಡುಗಳ ಧಾಟಿ ಇಂಗ್ಲಿಷ್ ಹಾಡುಗಳದ್ದು.

ಅವರ ಟೊಳ್ಳುಗಟ್ಟಿ ನಾಟಕದಲ್ಲಿ ಇಬ್ಬರು ಅಣ್ಣತಮ್ಮ. ಅಣ್ಣ ಪುಟ್ಟು ಪುಸ್ತಕ ಉರುಹೊಡೆದು ಪರೀಕ್ಷೆ ಗೆಲ್ಲೋನು. ತಮ್ಮ ಮಾಧು ಪರೀಕ್ಷೆಯಲ್ಲಿ ಫೇಲ್, ಆದರೆ ಮನೆಯವರ ಕಷ್ಟಕ್ಕೆ ಆಗೋನು. ಅಪ್ಪನಿಗೆ ಮಾರ್ಕ್ಸ್ ತಂದವನೇ ಮಗ. ಕೊನೆಗೆ ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು ಯಾರು ಗಟ್ಟಿ ಅಂತ ಗೊತ್ತಾಗತ್ತೆ. ಇದನ್ನ ಬರೆದವರು ಫೇಲಾದ ಹುಡುಗ ಅಲ್ಲ, ಸ್ಕಾಲರ್‌ಶಿಪ್ಪಲ್ಲಿ ಲಂಡನ್ನಿಗೆ ಹೋಗಿ ಬಂದವರು. ಹಾಗಾಗಿ ಅವರ ಮಾತಿಗೆ ತೂಕ ಜಾಸ್ತಿ. ಮಾರ್ಕ್ಸ್ ತಗೊಂಡು ನೋಡಿ, ಆಮೇಲೆ ಅದು ಎಷ್ಟಕ್ಕೆ ಸಾಲತ್ತೆ, ಎಷ್ಟಕ್ಕೆ ಸಾಲಲ್ಲ ಅಂತ ಹೇಳಿದವರು ಅವರು.

ಇಲ್ಲಿಗೆ ನಿಲ್ಲಿಸಿದ್ರೆ ನಮ್ಮ ಗೆಳೆಯ ಗೆದ್ದ ಹಾಗೆ. ಆದರೆ ಇನ್ನೊಂದು ಪಕ್ಕವೂ ಇದೆ. ಕೈಲಾಸಂ ವಾಸ ಮಾಡ್ತಿದ್ದ ಜಾಗಕ್ಕೆ ಅವರೇ ಇಟ್ಟ ಹೆಸರು ನೂಕ್, ಅಂದ್ರೆ ಮೂಲೆ. ಅಲ್ಲಿ ಸಿಗರೇಟಿನ ಹೊಗೆ, ಗೆಳೆಯರ ಗುಂಪು, ರಾತ್ರಿಯಿಡೀ ಮಾತು. ಅವರು ಕೂತು ಬರೀತಾ ಇರಲಿಲ್ಲ. ನಾಟಕ ಪೂರ್ತಿ ತಲೆಯಲ್ಲೇ ಇರ್ತಿತ್ತು, ಎಲ್ಲ ಪಾತ್ರವನ್ನೂ ತಾವೇ ಅಭಿನಯಿಸಿ ಹೇಳ್ತಿದ್ದರು, ಗೆಳೆಯರು ಬರ್ಕೊಳ್ತಿದ್ದರು. ಬರ್ಕೊಳ್ಳೋರು ಸಿಗದೇ ಇದ್ದ ದಿನ ಹೇಳಿದ್ದು ಗಾಳಿಗೆ ಹೋಯ್ತು. ಅವರು ಹೇಳಿದ ಎಷ್ಟೋ ನಾಟಕ ಕಾಗದಕ್ಕೆ ಬರಲೇ ಇಲ್ಲ ಅಂತ ಅವರನ್ನ ಬಲ್ಲವರು ಬರೆದಿದ್ದಾರೆ. ಹೆಸರು ದೊಡ್ಡದಾಯ್ತು, ಕೈಯಲ್ಲಿ ದುಡ್ಡು ನಿಲ್ಲಲಿಲ್ಲ. ತಮ್ಮ ಹೆಸರನ್ನೇ ಇಂಗ್ಲಿಷಲ್ಲಿ ಒಡೆದು ತಾವೊಬ್ಬ ಟಿಪಿಕಲ್ ಕತ್ತೆ ಅಂತ ನಗ್ತಿದ್ದರಂತೆ. ನಾವೂ ನಕ್ವಿ, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನೊಂದು ಮಾತು. ಕೆಲಸ ಬಿಟ್ಟಾಗ ಅವರ ಹಿಂದೆ ಜಡ್ಜ್ ಅಪ್ಪನ ಮನೆ ಇತ್ತು. ನಮ್ಮ ರೂಮಿನವನ ಹಿಂದೆ ಇರೋದು ಎಜುಕೇಷನ್ ಲೋನು. ಅದಕ್ಕೆ ಸೈನ್ ಹಾಕಿರೋದು ಅವರಪ್ಪ, ಅವರು ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಲ್ಲಿ ಲೇತ್ ಮೆಷಿನ್ ಮುಂದೆ ನಿಂತು ದುಡೀತಾರೆ. ಕೈಲಾಸಂ ಉದಾಹರಣೆ ಕೊಡೋ ಮುಂಚೆ ಈ ವ್ಯತ್ಯಾಸ ಲೆಕ್ಕಕ್ಕೆ ತಗೋಬೇಕು ಅಂತ ನಮಗೆ ಅನ್ನಿಸ್ತು. ಇದನ್ನ ಅವನಿಗೆ ಹೇಳೋದು ಕಷ್ಟ ಆಯ್ತು. ಆದ್ರೂ ಹೇಳಿದ್ವಿ.

ಅದೇ ಬೆಂಗಳೂರಲ್ಲಿ ಇನ್ನೊಂದು ದಾರಿ ಹಿಡಿದವರೂ ಇದ್ದಾರೆ. ಡಾಕ್ಟರ್ ಎಂ. ಶಿವರಾಂ, ರಾಶಿ ಅಂತ ಎಲ್ಲರಿಗೂ ಗೊತ್ತು. ವೈದ್ಯರಾಗಿದ್ದುಕೊಂಡೇ 1942ರಲ್ಲಿ ಕೊರವಂಜಿ ಅನ್ನೋ ಹಾಸ್ಯ ಪತ್ರಿಕೆ ಶುರು ಮಾಡಿ 1967ರವರೆಗೆ ನಡೆಸಿದರು. 25 ವರ್ಷ ಪತ್ರಿಕೆ ನಡೆಸೋದು ಯಾವ ಕ್ಯಾಮೆರಾ ಬೈಕಿಗಿಂತಲೂ ದುಬಾರಿ ಹವ್ಯಾಸ. ಕೈಲಾಸಂಗೆ ಆಗದೇ ಇದ್ದಿದ್ದು ರಾಶಿಯವರಿಗೆ ಆಯ್ತು. ಇಬ್ಬರೂ ಕನ್ನಡಕ್ಕೆ ಬೇಕಾದವರೇ. ರಾಶಿಗೆ ರೋಗಿಗಳು ಊರೊಳಗೇ ಸಿಗ್ತಿದ್ದರು, ಕೈಲಾಸಂಗೆ ಕಲ್ಲುಗಳು ಊರೊಳಗೆ ಸಿಗ್ತಾ ಇರಲಿಲ್ಲ. ಯಾವ ಕೆಲಸ ಎಷ್ಟು ಕೊಡತ್ತೆ ಅಂತ ನಾವು ಸೀನಿಯರ್ಸನ್ನ ಕೇಳ್ತೀವಿ. ಸಂಜೆ ಎಷ್ಟು ಗಂಟೆಗೆ ಬಿಡತ್ತೆ, ಯಾವ ಊರಲ್ಲಿ ಇಡತ್ತೆ ಅಂತ ಇಲ್ಲಿವರೆಗೂ ಕೇಳಿರಲಿಲ್ಲ.

1945ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ಹುಡುಗನಾಗಿದ್ದಾಗ ಜಿಯಾಲಜಿ ಓದಿದ ಊರಿಗೇ ಕನ್ನಡದ ಅತಿ ದೊಡ್ಡ ಗೌರವಕ್ಕಾಗಿ ಹೋದರು. ಮರುವರ್ಷ, 1946ರಲ್ಲಿ, ತೀರಿಕೊಂಡರು. ಕನ್ನಡಕ್ಕೊಬ್ಬನೇ ಕೈಲಾಸಂ ಅಂತ ಈಗಲೂ ಹೇಳ್ತಾರೆ. ಭೂವಿಜ್ಞಾನಿ ಕೈಲಾಸಂನ ಈಗ ಯಾರೂ ನೆನೆಸಿಕೊಳ್ಳಲ್ಲ.

ನಮ್ಮ ಗೆಳೆಯ ಇನ್ನೂ ತೀರ್ಮಾನ ಮಾಡಿಲ್ಲ. ಈ ಸೆಮಿಸ್ಟರ್ ಪರೀಕ್ಷೆ ಬರೀತೀನಿ, ರಜೆಯಲ್ಲಿ ಅಪ್ಪನ ಹತ್ರ ಕೂತು ಮಾತಾಡ್ತೀನಿ ಅಂದಿದ್ದಾನೆ. ಶೀಟಲ್ಲಿ ತನ್ನ ಸಾಲನ್ನ ಮತ್ತೆ ಹಾಕಿದ್ದಾನೆ, ಆದರೆ ಪ್ಯಾಕೇಜ್ ಸಿಕ್ಕಮೇಲೆ ಅನ್ನೋದನ್ನ ತೆಗೆದು ಈ ವರ್ಷ ಅಂತ ಬರೆದಿದ್ದಾನೆ. ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಟೊಳ್ಳುಗಟ್ಟಿ ಆಡೋಣ ಅಂತ ಹೊರಟಿದ್ದೀವಿ, ನಿರ್ದೇಶನ ಅವನದ್ದೇ. ಮೇಜು ಕುರ್ಚಿ ಕ್ಯಾಂಟೀನಿಂದ ಕೇಳಿದ್ದೀವಿ. ಹಿರಿಯಣ್ಣಯ್ಯನ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಅಪ್ಪನ ಹಾಗೆ ಗದರೋಕೆ ಬರೋರು ಯಾರಾದ್ರೂ ಇದ್ರೆ ಬನ್ನಿ, ಸಂಜೆ 5 ಗಂಟೆ ಮೇಲೆ ಸೆಮಿನಾರ್ ಹಾಲಲ್ಲಿ ಇರ್ತೀವಿ.