ಡ್ಮಿಟ್ರಿ ಮೆಂಡಲೀವ್

ಡ್ಮಿಟ್ರಿ ಇವಾನೊವಿಚ್ ಮೆಂಡಲೀವ್ (8 ಫೆಬ್ರವರಿ 1834 – 2 ಫೆಬ್ರವರಿ 1907) ರಷ್ಯದ ರಸಾಯನವಿಜ್ಞಾನಿ. ಧಾತುಗಳನ್ನು ಪರಮಾಣು ತೂಕದ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಅವುಗಳ ಗುಣಗಳು ನಿಯತವಾಗಿ ಮರುಕಳಿಸುತ್ತವೆ ಎಂಬ ಆವರ್ತ ನಿಯಮವನ್ನು 1869ರಲ್ಲಿ ಪ್ರಕಟಿಸಿದ. ಧಾತುಗಳನ್ನು ವರ್ಗೀಕರಿಸಲು ಯತ್ನಿಸಿದವರಲ್ಲಿ ಈತನೇ ಮೊದಲಿಗನಲ್ಲ. ಆದರೆ ಕೋಷ್ಟಕದಲ್ಲಿ ಖಾಲಿ ಸ್ಥಾನಗಳನ್ನು ಬಿಟ್ಟು, ಅಲ್ಲಿಗೆ ಬರಬೇಕಾದ ಅಜ್ಞಾತ ಧಾತುಗಳ ಗುಣಗಳನ್ನು ಅಂಕಿಗಳ ಸಮೇತ ಮುಂಚಿತವಾಗಿ ಹೇಳಿದ ಧೈರ್ಯ ಈತನದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೆಂಡಲೀವ್ ಜನಿಸಿದ್ದು ಸೈಬೀರಿಯದ ಟೊಬೋಲ್ಸ್ಕ್ ಪಟ್ಟಣದಲ್ಲಿ, ದೊಡ್ಡ ಕುಟುಂಬವೊಂದರ ಕಿರಿಯ ಮಗನಾಗಿ. ತಂದೆ ಇವಾನ್ ಪಾವ್ಲೊವಿಚ್ ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥ. ಮಗ ಹುಟ್ಟಿದ ವರ್ಷವೇ ಆತ ಕುರುಡನಾಗಿ ಕೆಲಸ ಬಿಡಬೇಕಾಯಿತು. ಸಂಸಾರದ ಭಾರ ತಾಯಿ ಮಾರಿಯಾ ಡ್ಮಿಟ್ರಿಯೆವ್ನಳ ಮೇಲೆ ಬಿತ್ತು. ಆಕೆ ತನ್ನ ತವರಿನವರಿಗೆ ಸೇರಿದ್ದ ಗಾಜಿನ ಕಾರ್ಖಾನೆಯನ್ನು ನಡೆಸಿ ಮಕ್ಕಳನ್ನು ಸಾಕಿದಳು. 1847ರಲ್ಲಿ ತಂದೆ ತೀರಿಕೊಂಡ; ಮರುವರ್ಷ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು.

ಕಿರಿಯ ಮಗನನ್ನು ಹೇಗಾದರೂ ಓದಿಸಬೇಕೆಂದು ತಾಯಿ 1849ರಲ್ಲಿ ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ ಅವನನ್ನು ಮಾಸ್ಕೋಗೆ ಕರೆತಂದಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಗಲಿಲ್ಲ. ಮುಂದೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ತಂದೆ ಓದಿದ್ದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, 1850ರಲ್ಲಿ ಪ್ರವೇಶ ದೊರೆಯಿತು. ಮಗನನ್ನು ಸೇರಿಸಿದ ಕೆಲವೇ ವಾರಗಳಲ್ಲಿ ತಾಯಿ ಮರಣ ಹೊಂದಿದಳು.

1855ರಲ್ಲಿ ಪದವಿ ಪಡೆದ ಮೇಲೆ ಅನಾರೋಗ್ಯದ ಕಾರಣ ದಕ್ಷಿಣಕ್ಕೆ ಹೋಗಿ ಸಿಂಫೆರೋಪೋಲ್ ಹಾಗೂ ಒಡೆಸ್ಸಾಗಳಲ್ಲಿ ಅಧ್ಯಾಪಕನಾಗಿದ್ದ. 1859ರಿಂದ 1861ರವರೆಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ ನಡೆಸಿದ. 1860ರ ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ನಡೆದ ರಸಾಯನವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾಗವಹಿಸಿದ್ದು ಈ ಅವಧಿಯ ಮುಖ್ಯ ಘಟನೆ. ಆಗ ಒಂದೇ ಧಾತುವಿಗೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ತೂಕಗಳನ್ನು ಬಳಸುತ್ತಿದ್ದವು. ಇಟಲಿಯ ಕ್ಯಾನಿಜಾರೊ ಈ ಗೊಂದಲವನ್ನು ಬಿಡಿಸುವ ದಾರಿಯನ್ನು ಅಲ್ಲಿ ತೋರಿಸಿಕೊಟ್ಟ. ನಂಬಲರ್ಹವಾದ ಪರಮಾಣು ತೂಕಗಳಿಲ್ಲದೆ ಆವರ್ತ ಕೋಷ್ಟಕ ಸಾಧ್ಯವೇ ಇರಲಿಲ್ಲ.

ಆವರ್ತ ನಿಯಮ

ಜರ್ಮನಿಯ ಡೋಬರೈನರ್ 1829ರಲ್ಲಿಯೇ ಸಮಾನ ಗುಣಗಳುಳ್ಳ ಮೂರು ಮೂರು ಧಾತುಗಳ ತ್ರಿಕಗಳನ್ನು ಗುರುತಿಸಿದ್ದ. ಫ್ರಾನ್ಸಿನ ದ ಶಾಂಕೂರ್ಟ್ವಾ 1862ರಲ್ಲಿ ಧಾತುಗಳನ್ನು ಉರುಳೆಯೊಂದರ ಮೇಲೆ ಸುರುಳಿಯಾಗಿ ಜೋಡಿಸಿದ. ಪ್ರತಿ ಎಂಟನೆಯ ಧಾತು ಮೊದಲನೆಯದನ್ನು ಹೋಲುತ್ತದೆ ಎಂದು ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ 1866ರಲ್ಲಿ ಲಂಡನ್ನಿನ ರಸಾಯನವಿಜ್ಞಾನಿಗಳ ಸಭೆಯಲ್ಲಿ ಮಂಡಿಸಿದಾಗ, ಅಕಾರಾದಿಯಲ್ಲಿ ಜೋಡಿಸಿ ನೋಡಿದ್ದುಂಟೇ ಎಂದು ಸಭಿಕನೊಬ್ಬ ಕೇಳಿದ. ಈ ಲೇವಡಿಗೆ ಗುರಿಯಾದ ಊಹೆ ಹಗುರವಾದ ಧಾತುಗಳ ಮಟ್ಟಿಗಂತೂ ಸರಿಯಾಗಿಯೇ ಇತ್ತು.

1867ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ ಮೆಂಡಲೀವ್, ವಿದ್ಯಾರ್ಥಿಗಳಿಗೆ ತಕ್ಕ ರಷ್ಯನ್ ಪಠ್ಯವಿಲ್ಲದ್ದನ್ನು ಕಂಡು ರಸಾಯನವಿಜ್ಞಾನದ ಮೂಲತತ್ತ್ವಗಳ ಬಗ್ಗೆ ಗ್ರಂಥ ರಚನೆಗೆ ತೊಡಗಿದ. ಆವರ್ತ ನಿಯಮ ಹುಟ್ಟಿದ್ದು ಈ ಪಠ್ಯಪುಸ್ತಕದ ತೊಡಕಿನಿಂದ. ಮೊದಲ ಸಂಪುಟ ಕ್ಲೋರಿನ್ ಮತ್ತು ಅದರ ಸಂಬಂಧಿಗಳೊಂದಿಗೆ ಮುಗಿದಿತ್ತು. ಉಳಿದ ಐವತ್ತಕ್ಕೂ ಹೆಚ್ಚು ಧಾತುಗಳನ್ನು ಯಾವ ಕ್ರಮದಲ್ಲಿ ವಿವರಿಸಬೇಕು? ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಕ್ಷಾರ ಲೋಹಗಳ ತೂಕಗಳನ್ನು ಕ್ಲೋರಿನ್ ಗುಂಪಿನ ತೂಕಗಳ ಪಕ್ಕದಲ್ಲಿ ಬರೆದು ನೋಡಿದಾಗ, ಗುಣಗಳಲ್ಲಿ ಪರಸ್ಪರ ವಿರುದ್ಧವಾದ ಈ ಎರಡು ಗುಂಪುಗಳು ತೂಕದಲ್ಲಿ ನೆರೆಹೊರೆಯವಾಗಿರುವುದು ಕಂಡಿತು. 1869ರ ಮಾರ್ಚ್ 1ರಂದು (ರಷ್ಯದ ಹಳೆಯ ಪಂಚಾಂಗದಲ್ಲಿ ಫೆಬ್ರವರಿ 17) 63 ಧಾತುಗಳ ಕೋಷ್ಟಕ ಸಿದ್ಧವಾಯಿತು. ಅದೇ ತಿಂಗಳು ರಷ್ಯನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಮೆಂಡಲೀವ್‌ನ ಪರವಾಗಿ ಸಹೋದ್ಯೋಗಿ ಮೆನ್ಶುಟ್ಕಿನ್ ಅದನ್ನು ಮಂಡಿಸಿದ. ಕೋಷ್ಟಕ ಕನಸಿನಲ್ಲಿ ಕಾಣಿಸಿತೆಂಬ ಕಥೆ ಬಹು ಜನಪ್ರಿಯ. ಉಳಿದು ಬಂದಿರುವ ಕರಡುಗಳ ತುಂಬ ಇರುವುದು ಹೊಡೆದು ಹಾಕಿ ತಿದ್ದಿದ ಲೆಕ್ಕಗಳು.

ತೂಕದ ಕ್ರಮಕ್ಕೂ ಗುಣಕ್ಕೂ ತಾಳೆಯಾಗದ ಕಡೆ ಮೆಂಡಲೀವ್ ಗುಣದ ಪಕ್ಷ ವಹಿಸಿದ. ಟೆಲ್ಲುರಿಯಂ ಅಯೋಡಿನ್‌ಗಿಂತ ಭಾರವಾಗಿದ್ದರೂ ಅದನ್ನು ಅಯೋಡಿನ್‌ಗಿಂತ ಮುಂಚೆ ಇರಿಸಿದ. ಆಗ 120 ಎಂದು ಎಣಿಸಲಾಗುತ್ತಿದ್ದ ಯುರೇನಿಯಂನ ತೂಕ 240 ಇರಬೇಕೆಂದು ತಿದ್ದಿದ.

ಖಾಲಿ ಸ್ಥಾನಗಳು

1871ರಲ್ಲಿ ಬೋರಾನ್, ಅಲ್ಯೂಮಿನಿಯಂ ಮತ್ತು ಸಿಲಿಕಾನ್‌ಗಳಿಗೆ ಸಂಬಂಧಿಸಿದ ಮೂರು ಖಾಲಿ ಸ್ಥಾನಗಳ ಬಗ್ಗೆ ವಿವರವಾದ ಭವಿಷ್ಯವನ್ನು ಪ್ರಕಟಿಸಿದ. ಹೆಸರಿಡಲು ಬಳಸಿದ್ದು ಸಂಸ್ಕೃತದ ಸಂಖ್ಯಾವಾಚಕ: ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಗುಂಪಿನಲ್ಲಿ ಆಯಾ ಧಾತುವಿನಿಂದ ಒಂದು ಸ್ಥಾನ ಕೆಳಗಿನದು ಎಂಬುದು ಇದರ ಅರ್ಥ.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊಡ್ರಾನ್ ಗ್ಯಾಲಿಯಂ ಧಾತುವನ್ನು ಕಂಡುಹಿಡಿದ. ಅದು ತಾನು ಹೇಳಿದ ಏಕ-ಅಲ್ಯೂಮಿನಿಯಂ ಎಂದು ಮೆಂಡಲೀವ್ ಸಾರಿದ್ದಲ್ಲದೆ, ಬ್ವಾಬೊಡ್ರಾನ್ ಅಳೆದಿದ್ದ 4.7 ಸಾಂದ್ರತೆ ತಪ್ಪು, ಅದು 5.9ರ ಸುಮಾರಿಗೆ ಇರಬೇಕು ಎಂದು ತಿಳಿಸಿದ. ಆ ಲೋಹವನ್ನು ಕಣ್ಣಿನಿಂದಲೂ ನೋಡದವನು ಅದನ್ನು ಕೈಯಲ್ಲಿ ಹಿಡಿದವನನ್ನು ತಿದ್ದಿದ್ದು ವಿಚಿತ್ರವೆನಿಸಿತು. ಹೆಚ್ಚು ಶುದ್ಧವಾದ ಮಾದರಿಯನ್ನು ತಯಾರಿಸಿ ಮತ್ತೆ ಅಳೆದಾಗ ಬಂದದ್ದು 5.9. 1879ರಲ್ಲಿ ಸ್ವೀಡನ್ನಿನ ನಿಲ್ಸನ್ ಸ್ಕ್ಯಾಂಡಿಯಂ ಅನ್ನೂ 1886ರಲ್ಲಿ ಜರ್ಮನಿಯ ವಿಂಕ್ಲರ್ ಜರ್ಮೇನಿಯಂ ಅನ್ನೂ ಪತ್ತೆಮಾಡಿದರು. ಏಕ-ಸಿಲಿಕಾನ್‌ನ ತೂಕ 72 ಎಂದು ಮೆಂಡಲೀವ್ ಊಹಿಸಿದ್ದ. ಜರ್ಮೇನಿಯಂನ ತೂಕ 72.6.

ಎಲ್ಲ ಊಹೆಗಳೂ ಹೀಗೆ ಫಲಿಸಲಿಲ್ಲ. ಹೈಡ್ರೋಜನ್‌ಗಿಂತ ಹಗುರವಾದ ಧಾತುಗಳಿವೆ ಎಂದು ಕೊನೆಗಾಲದಲ್ಲಿ ವಾದಿಸಿದ್ದು ಪೂರ್ತಿ ಹುಸಿಯಾಯಿತು. ಆರ್ಗಾನ್ ಪತ್ತೆಯಾದಾಗ ಅದು ಹೊಸ ಧಾತುವೆಂದು ಒಪ್ಪಲು ಹಿಂಜರಿದ. ಪರಮಾಣು ಒಡೆಯಬಲ್ಲುದೆಂಬ ವಿಚಾರವಂತೂ ಈತನಿಗೆ ಕಡೆಯವರೆಗೂ ಒಗ್ಗಲಿಲ್ಲ. ಟೆಲ್ಲುರಿಯಂ-ಅಯೋಡಿನ್ ಸಮಸ್ಯೆ ಬಗೆಹರಿದದ್ದು ಈತ ತೀರಿಕೊಂಡ ಮೇಲೆ, 1913ರಲ್ಲಿ ಮೋಸ್ಲಿ ನಡೆಸಿದ ಎಕ್ಸ್-ಕಿರಣ ಪ್ರಯೋಗಗಳಿಂದ. ಧಾತುಗಳ ಸ್ಥಾನವನ್ನು ನಿರ್ಧರಿಸುವುದು ತೂಕವಲ್ಲ, ಪರಮಾಣು ಸಂಖ್ಯೆ ಎಂದು ಆಗ ಖಚಿತವಾಯಿತು.

ಇತರ ಕಾರ್ಯಗಳು ಮತ್ತು ಕೊನೆಯ ವರ್ಷಗಳು

ಮೆಂಡಲೀವ್ ಬಾಕುವಿನ ತೈಲ ಉದ್ಯಮದ ಬಗ್ಗೆ ಅಧ್ಯಯನ ನಡೆಸಿ, 1876ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಎಣ್ಣೆ ಬಾವಿಗಳನ್ನು ನೋಡಿ ಬಂದ. 1887ರ ಸೂರ್ಯಗ್ರಹಣವನ್ನು ವೀಕ್ಷಿಸಲು ಬಲೂನು ಏರಿದ ಪ್ರಸಂಗವೂ ಪ್ರಸಿದ್ಧ. ಮಳೆಯಲ್ಲಿ ನೆನೆದ ಬಲೂನು ಇಬ್ಬರನ್ನು ಹೊರಲಾರದಾದಾಗ ಚಾಲಕನನ್ನು ಇಳಿಸಿ ತಾನೊಬ್ಬನೇ ಮೇಲೇರಿ ಸುರಕ್ಷಿತವಾಗಿ ಇಳಿದ.

ಸ್ವದೇಶದ ವಿಜ್ಞಾನ ಅಕಾಡೆಮಿ 1880ರಲ್ಲಿ ಈತನಿಗೆ ಸದಸ್ಯತ್ವ ನಿರಾಕರಿಸಿತು. ಆದರೆ 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ, ಇಂಥದೇ ಕೋಷ್ಟಕವನ್ನು ಸ್ವತಂತ್ರವಾಗಿ ರಚಿಸಿದ್ದ ಜರ್ಮನಿಯ ಲೋಥರ್ ಮೆಯರ್‌ನೊಂದಿಗೆ ಈತನಿಗೆ ಡೇವಿ ಪದಕವನ್ನು ನೀಡಿತು. 1890ರಲ್ಲಿ ವಿದ್ಯಾರ್ಥಿಗಳ ಮನವಿಪತ್ರವನ್ನು ಶಿಕ್ಷಣ ಸಚಿವನಿಗೆ ತಲುಪಿಸಲು ಹೋದಾಗ ಅದು ತಿರಸ್ಕೃತವಾಗಿ ಹಿಂದಿರುಗಿತು. ಮೆಂಡಲೀವ್ ವಿಶ್ವವಿದ್ಯಾಲಯಕ್ಕೆ ರಾಜೀನಾಮೆ ಕೊಟ್ಟ. 1893ರಿಂದ ಕೊನೆಯವರೆಗೆ ತೂಕ ಮತ್ತು ಅಳತೆಗಳ ಕಚೇರಿಯ ಮುಖ್ಯಸ್ಥನಾಗಿದ್ದ.

1906ರ ನೊಬೆಲ್ ಪ್ರಶಸ್ತಿಗೆ ರಸಾಯನವಿಜ್ಞಾನ ಸಮಿತಿ ಮೆಂಡಲೀವ್‌ನ ಹೆಸರನ್ನು ಶಿಫಾರಸು ಮಾಡಿತ್ತು. ಸ್ವೀಡಿಷ್ ಅಕಾಡೆಮಿ ಆಫ್ ಸೈನ್ಸಸ್ ಅದನ್ನು ಒಪ್ಪದೆ, ಫ್ಲೋರಿನ್ ಅನ್ನು ಬೇರ್ಪಡಿಸಿದ ಫ್ರಾನ್ಸಿನ ಮ್ವಾಸಾನ್‌ಗೆ ಪ್ರಶಸ್ತಿ ನೀಡಿತು. ಕೆಲವೇ ತಿಂಗಳುಗಳಲ್ಲಿ ಇಬ್ಬರೂ ತೀರಿಕೊಂಡರು. ಮೆಂಡಲೀವ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1907ರ ಫೆಬ್ರವರಿ 2ರಂದು, ಮ್ವಾಸಾನ್ ಅದೇ ತಿಂಗಳ 20ರಂದು. 1955ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಕೃತಕವಾಗಿ ಸೃಷ್ಟಿಸಿದ 101ನೆಯ ಧಾತುವಿಗೆ ಮೆಂಡಲೀವಿಯಂ ಎಂದು ಹೆಸರಿಡಲಾಗಿದೆ.