ಅಡುಗೆಮನೆಯೂ ಪಾಠಶಾಲೆ: ಕಾರಂತಜ್ಜ ತೋರಿಸಿದ ದಾರಿ

ಮಗುವಿಗೆ ಮೂರು ತುಂಬುವುದೇ ತಡ, ಅಕ್ಕಪಕ್ಕದವರ ಪ್ರಶ್ನೆ ಶುರು. ಯಾವ ಸ್ಕೂಲು? ಡೊನೇಷನ್ ಎಷ್ಟು? ಎಬಿಸಿಡಿ ಬರುತ್ತಾ? ಬೆಳಗಾವಿಯಂಥ ನಗರವಿರಲಿ, ಹಾರೂಗೇರಿಯಂಥ ಊರಿರಲಿ, ಈ ಪ್ರಶ್ನೆಗಳಿಂದ ತಾಯಂದಿರಿಗೆ ಬಿಡುವಿಲ್ಲ. ಇನ್ನೂ ಒಂದೆರಡು ವರ್ಷ ಮನೆಯಲ್ಲೇ ಇರಲಿ ಅಂತ ನಿಮಗೆ ಅನಿಸುತ್ತದೆ. ಆದರೆ ಮಗು ಹಿಂದೆ ಬಿದ್ದರೆ? ನನಗೆ ಕಲಿಸೋಕೆ ಬರುತ್ತಾ? ಈ ಅಳುಕು ನಿಮಗಿದ್ದರೆ, ಡಾ. ಶಿವರಾಮ ಕಾರಂತರ ಮನೆಯ ಕಥೆ ಒಮ್ಮೆ ಕೇಳಿ.

ಚೋಮನ ದುಡಿ, ಮರಳಿ ಮಣ್ಣಿಗೆ ಬರೆದ ಕಾರಂತರು ನಿಮಗೆ ಗೊತ್ತು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ಬಂದದ್ದೂ ಗೊತ್ತು. ಆದರೆ ಅಪ್ಪನಾಗಿ ಅವರು ಹೇಗಿದ್ದರು?

1902ರ ಅಕ್ಟೋಬರ್ 10ರಂದು ಕರಾವಳಿಯ ಕೋಟದಲ್ಲಿ ಹುಟ್ಟಿದವರು ಅವರು. ಕಾಲೇಜು ಮೆಟ್ಟಿಲು ಹತ್ತಿದ್ದೇನೋ ನಿಜ. ಆದರೆ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಬಂತು, ಓದು ಅಲ್ಲಿಗೇ ನಿಂತಿತು. ಆಮೇಲೆ ಕಲಿತದ್ದೆಲ್ಲ ತಿರುಗಾಡಿ, ಕಣ್ಣಾರೆ ನೋಡಿ, ತಾವೇ ಓದಿ, ಕೈಯಾರೆ ಮಾಡಿ ಕಲಿತದ್ದು. ನಾಟಕ, ಯಕ್ಷಗಾನ, ವಿಜ್ಞಾನ... ಯಾವುದನ್ನೂ ಬಿಡಲಿಲ್ಲ!

ಪುತ್ತೂರಿನಲ್ಲಿ ನೆಲೆಸಿ, ಮಕ್ಕಳ ಆಟ, ಕುಣಿತ, ನಾಟಕಗಳಿಗಾಗಿ ಬಾಲವನ ಕಟ್ಟಿದರು. 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಅದು ಜಾತಿ ಮೀರಿದ ಮದುವೆ, ಆ ಕಾಲಕ್ಕೆ ಸಣ್ಣ ಮಾತಲ್ಲ. ಗಡಿಭಾಗದ ನಮ್ಮ ಎಷ್ಟೋ ಹೆಣ್ಣುಮಕ್ಕಳ ಹಾಗೆ ಲೀಲಾ ಅವರಿಗೂ ಕನ್ನಡದ ಜೊತೆ ಮರಾಠಿ ಬರುತ್ತಿತ್ತು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯೊಂದನ್ನು ಅವರು ಕನ್ನಡಕ್ಕೆ ತಂದಿದ್ದಾರೆ.

ಅದೇ ವರ್ಷ ಮಕ್ಕಳಿಗಾಗಿ ಕಾರಂತರ 'ಬಾಲಪ್ರಪಂಚ' ಬಂತು. ಮೂರು ಸಂಪುಟ, ತುಂಬಾ ಚಿತ್ರಗಳು. ಆಕಾಶದ ನಕ್ಷತ್ರದಿಂದ ನೆಲದ ಜೀವಜಂತುಗಳವರೆಗೆ ಎಲ್ಲವೂ ಕನ್ನಡದಲ್ಲಿ. ಟೀವಿ ಇಲ್ಲದ ಆ ದಿನಗಳಲ್ಲಿ ಹಳ್ಳಿ ಮಗುವಿನ ಕೈಗೆ ಜಗತ್ತನ್ನೇ ಕೊಟ್ಟ ಹಾಗಾಯಿತು. 1959ರಿಂದ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳೂ ಬಂದವು.

ಇಷ್ಟೆಲ್ಲ ಬರೆದವರು ತಮ್ಮ ಮಕ್ಕಳಿಗೆ ಏನು ಮಾಡಿದರು? ಮೊದಲ ವರ್ಷಗಳಲ್ಲಿ ಶಾಲೆಗೇ ಕಳಿಸಲಿಲ್ಲ! ಮನೆಯೇ ಶಾಲೆ. ಮನೆ ತುಂಬ ಪುಸ್ತಕ, ಬಾಗಿಲು ತೆರೆದರೆ ಮರ, ಹಕ್ಕಿ, ಹುಳುಹುಪ್ಪಟೆ. ಅಲ್ಲಿ ಪರೀಕ್ಷೆ, ರ‍್ಯಾಂಕ್ ಇರಲಿಲ್ಲ. ಆ ಮಕ್ಕಳು ಹಿಂದೆ ಬಿದ್ದರೇ? ಮಗ ಉಲ್ಲಾಸ ಕಾರಂತರು ಮುಂದೆ ಎಂಜಿನಿಯರಿಂಗ್ ಓದಿ, ಆಮೇಲೆ ಹುಲಿಗಳ ಅಧ್ಯಯನದಲ್ಲಿ ಜಗತ್ತಿಗೇ ಹೆಸರಾದರು. ಮಗಳು ಮಾಳವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕಿಯಾಗಿ ಮಕ್ಕಳ ಮನಸ್ಸಿನ ಮೇಲೆಯೇ ಕೆಲಸ ಮಾಡಿದರು.

ಅಯ್ಯೋ, ಅದು ಕಾರಂತರ ಮನೆ, ನಮ್ಮದು ಹಾಗಾ ಅಂತೀರಾ? ಅವರ ಪಾಂಡಿತ್ಯ ನಮಗೆ ಬರಲಿಕ್ಕಿಲ್ಲ, ನಿಜ. ಆದರೆ ಅವರ ದಾರಿ ಸರಳ: ಮೊದಲು ವಸ್ತು, ಆಮೇಲೆ ಅಕ್ಷರ. ಇದಕ್ಕೆ ಡಿಗ್ರಿ ಬೇಡ, ಡೊನೇಷನ್ನೂ ಬೇಡ.

ರೊಟ್ಟಿ ಬಡಿಯುವಾಗ ಬುಟ್ಟಿಗೆ ಬಿದ್ದದ್ದನ್ನು ಮಗು ಎಣಿಸಲಿ. ಅಪ್ಪನಿಗೆ ಎರಡು, ಅಜ್ಜಿಗೆ ಒಂದು ಬಡಿಸಲಿ, ಕೂಡುವುದು ಕಳೆಯುವುದು ಬಂತು. ಹೊಲದ ಕಡೆ ಹೋದಾಗ ಕಬ್ಬು ತೋರಿಸಿ, ಮನೆಯಲ್ಲಿ ಬೆಲ್ಲದ ಡಬ್ಬಿ ತೆರೆದು ಇದು ಅದರಿಂದಲೇ ಆದದ್ದು ಅಂತ ಹೇಳಿ. ಸಂತೆಗೆ ಹೋದಾಗ ತರಕಾರಿಯ ಹೆಸರು ಹೇಳಿಸಿ, ಬಸ್ಸಿನ ಬೋರ್ಡಿನಲ್ಲಿ ಅಕ್ಷರ ಹುಡುಕಿಸಿ.

ಚಿತ್ರದ ಪುಸ್ತಕಗಳು ಕನ್ನಡದಲ್ಲಿ ಈಗ ಬೇಕಾದಷ್ಟಿವೆ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಪುಸ್ತಕಗಳು ಜೇಬಿಗೂ ಭಾರವಲ್ಲ. ಆದರೆ ಗಡಿಬಿಡಿಯಲ್ಲಿ ಓದಿ ಮುಗಿಸಬೇಡಿ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಿ, ಚಿತ್ರದಲ್ಲಿ ಏನೇನು ಕಾಣುತ್ತೆ ಅಂತ ಕೇಳಿ, ಅದು ಹೇಳುವ ಕಥೆ ಕೇಳಿಸಿಕೊಳ್ಳಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಗದರಿಸಬೇಡಿ, ಇಬ್ಬರೂ ಕೂಡಿ ಹುಡುಕಿ. ಕಾರಂತರು ಜೀವನವಿಡೀ ಮಾಡಿದ್ದೂ ಅದನ್ನೇ ಅಲ್ಲವೇ?

ಒಂದು ಮಾತು ನೆನಪಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಹದಿನಾಲ್ಕು ವರ್ಷದವರೆಗೆ ಶಾಲೆ ಮಗುವಿನ ಹಕ್ಕು, ಅದನ್ನು ತಪ್ಪಿಸಬೇಡಿ. ಅದಕ್ಕೂ ಮೊದಲಿನ ವರ್ಷಗಳು ಮಾತ್ರ ನಿಮ್ಮ ಕೈಯಲ್ಲಿವೆ. ಶಾಲೆಗೆ ಹೋಗುವ ಮಗುವಿಗೂ ಸಂಜೆಯ ಈ ಅರ್ಧ ಗಂಟೆ ಬೇಕೇ ಬೇಕು.

ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಕಾರಂತಜ್ಜ 1997ರ ಡಿಸೆಂಬರ್ 9ರಂದು ತೀರಿಕೊಂಡರು. ಕೊನೆತನಕ ಅವರಲ್ಲಿ ಉಳಿದದ್ದು ಮಗುವಿನ ಕುತೂಹಲ. ನಿಮ್ಮ ಮಗುವಿನಲ್ಲಿ ಅದು ಈಗಾಗಲೇ ಇದೆ. ಅದನ್ನು ಆರದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೆಲಸ. ನಾಳೆ ರೊಟ್ಟಿ ಬುಟ್ಟಿಯಿಂದಲೇ ಶುರು ಮಾಡಿ, ಏನಂತೀರಿ?